ಹೊಣಕೆರೆಯಲ್ಲಿ ಮುರಿದ ಉಪವಾಸ

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತೆಂದರೆ ನಮ್ಮವ್ವನ ಮುಂದೆ ಚರ್ಚಿನ ಫಾದರೂ ಸಡಿಲ ಅನ್ನಿಸುತ್ತಿದ್ದರು. ಈಸ್ಟರ್‌ವರೆಗೆ ಬಾಡಿನ ಮಡಕೆ ಅಟ್ಟ ಸೇರುತ್ತಿತ್ತು. ತಲೆಗೆ ಹೂವಿಲ್ಲ, ಶುಕ್ರವಾರ ಒಂದೇ ಹೊತ್ತು ಊಟ. ಶ್ರೀರಂಗಪಟ್ಟಣದ ನಮ್ಮ ಬೀದಿಯ ಕ್ರೈಸ್ತರ ಮನೆಗಳಲ್ಲಿ ಒಲೆಯ ಮೇಲೇನಿದೆ ಎಂದೂ ವಿಚಾರಿಸಿಕೊಂಡು ಬರುತ್ತಿದ್ದಳು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ನೇಮ ಹಿಡಿದವಳು ಒಡಹುಟ್ಟಿದ ತಂಗಿಯ ಮನೆಯಲ್ಲಿ ಮಾತ್ರ ಒಂದು ಲೋಟ ನೀರೂ ಕುಡಿದಿರಲಿಲ್ಲ. ಚಿಕ್ಕವ್ವ ಹೊಣಕೆರೆಯ ಹಿಂದೂ ರೈತನನ್ನು ಮದುವೆಯಾಗಿದ್ದಳು, ಅಷ್ಟೇ.

ತೊಂಬತ್ತರ ದಶಕದ ನಡುವೆ ಒಂದು ಶುಕ್ರವಾರ, ಬೆಳಗಿನ ಪೂಜೆಯಲ್ಲಿ, ಮನಸ್ಸಿನಲ್ಲಿ ಮುನಿಸಿಟ್ಟುಕೊಂಡು ಪರಮಪ್ರಸಾದಕ್ಕೆ ಬರುವವರ ಬಗ್ಗೆ ಫಾದರ್ ಮಾತಾಡಿದರು. ಪ್ರತಿ ವರ್ಷ ಆಡುವ ಮಾತೇ. ಆದರೆ ಅವತ್ತು ಅವ್ವ ಪ್ರಸಾದದ ಸಾಲಿನಲ್ಲಿ ಅರ್ಧ ಹೋದವಳು ತಿರುಗಿ ಬಂದಳು.

"ನಡಿ, ನಿಮ್ ಚಿಕ್ಕವ್ವನ ಮನೆಗೆ ಓಗ್ಬರಾವ" ಅಂದಳು.

ಪಾಂಡವಪುರ, ನಾಗಮಂಗಲ ಎಂದು ಬಸ್ಸು ಬದಲಿಸುತ್ತ ಹೋದೆವು. ದಾರಿಯುದ್ದಕ್ಕೂ ಅವಳು ಜಪಸರ ಎಣಿಸುತ್ತಿದ್ದಳು.

ಬಾಗಿಲಲ್ಲಿ ಅಕ್ಕನನ್ನು ಕಂಡ ಚಿಕ್ಕವ್ವ ನಮ್ಮನ್ನು ಒಳಗೆ ಕೂರಿಸಿದವಳೇ ಹಿತ್ತಲಿಗೆ ಓಡಿದಳು. ನೆಂಟರು ಬಂದರೆ ಕೋಳಿ ಕುಯ್ಯುವುದು ಆ ಕಡೆಯ ಪದ್ಧತಿ. ಸಂಭ್ರಮದಲ್ಲಿ ಅವಳಿಗೆ ಯಾವ ವಾರ, ಯಾವ ಕಾಲ ಒಂದೂ ನೆನಪಾಗಲಿಲ್ಲ. ಒಳಗಿಂದ ಮಸಾಲೆ ಘಮ ಬಂದಾಗ ನಾನು ಹೇಳಿಬಿಡೋಣವೆಂದು ಎದ್ದೆ. ಅವ್ವ ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು.

ಬಿಸಿ ಮುದ್ದೆ, ನಾಟಿಕೋಳಿ ಸಾರು ಬಂತು. ಅವ್ವ ಶಿಲುಬೆಯ ಗುರುತು ಹಾಕಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಆ ಗುರುತು ಕಂಡದ್ದೇ ಚಿಕ್ಕವ್ವನಿಗೆ ವಾರ ನೆನಪಾಯಿತು.

"ಅಯ್ಯೋ ಅಕ್ಕ, ಇವತ್ತು ಸುಕ್ರವಾರ ಅಲ್ವಾ. ಎಂತಾ ಕೆಲ್ಸ ಮಾಡ್ಬುಟ್ಟೆ ನಾನು" ಎಂದು ತಟ್ಟೆಗೆ ಕೈ ಹಾಕಿದಳು.

ಅವ್ವ ಎಡಗೈಯಲ್ಲಿ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿನ್ ಮನೇಲಿ ಉಣ್ಣದಂಗೆ ಇಷ್ಟ್ ವರ್ಸ ಉಪಾಸ ಇದ್ದಿದ್ದು ಸಾಕು ಕಣವ್ವ. ಇನ್ನೊಂದ್ ಮುದ್ದೆ ಇಕ್ಕು."

ಚಿಕ್ಕವ್ವ ಅಳುತ್ತಲೇ ಇಕ್ಕಿದಳು. ನಮ್ಮವ್ವ ಎಷ್ಟು ದೊಡ್ಡವಳು ಎಂದು ನನಗೆ ಅವತ್ತು ಗೊತ್ತಾಯಿತು. ಅವಳು ಚರ್ಚಿನಲ್ಲಿ ಮೊಣಕಾಲೂರಿದ್ದಾಗ ಎಂದೂ ಹಾಗೆ ಅನ್ನಿಸಿರಲಿಲ್ಲ.

ಮುಂದಿನ ಶುಕ್ರವಾರ ಅವ್ವ ಎಂದಿನಂತೆ ಒಂದೇ ಹೊತ್ತು ಉಂಡಳು. ಬೀದಿಯವರ ಒಲೆಯ ವಿಚಾರ ಮಾತ್ರ ಬಿಟ್ಟುಬಿಟ್ಟಳು. ಈಸ್ಟರ್‌ ದಿನ ಅಟ್ಟದಿಂದ ಬಾಡಿನ ಮಡಕೆ ಇಳಿಸಿಕೊಟ್ಟವನು ಹೊಣಕೆರೆಯ ನಮ್ಮ ಚಿಕ್ಕಪ್ಪ.