ನ್ಯಾಮತಿಯ ಗೋಡೆಯ ಮೇಲಿನ ಹೆಸರು

ತಿಂಗಳ ಕೊನೆಯ ಶನಿವಾರ ಬಂತೆಂದರೆ ರುದ್ರಾಣಿಗೆ ಬೆಳಿಗ್ಗೆಯಿಂದಲೇ ಅಂಗೈ ಬೆವರುತ್ತಿತ್ತು. ಅವಳ ಗಂಡ ಮರುಳಪ್ಪ ಜಗಳೂರು–ದಾವಣಗೆರೆ ಖಾಸಗಿ ಬಸ್ಸಿನ ಕಂಡಕ್ಟರು. ಆ ದಿನ ಮನೆಗೆ ಬರುವಾಗ ಟಿಕೆಟ್ ಚೀಲದ ಜೊತೆ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದನ್ನು ತರುತ್ತಿದ್ದ. ಅದು ನ್ಯಾಮತಿಯ ಒಂದು ಮೆಡಿಕಲ್ ಶಾಪಿನ ಪುಸ್ತಕ. ಡಾಕ್ಟರು ಯಾವ ರೋಗಿಗೆ ಏನು ಬರೆದರು, ಅಂಗಡಿಯವರು ಏನು ಕೊಟ್ಟರು ಎಂದು ಅದರಲ್ಲಿ ಬರೆದಿಡಬೇಕು. ಪ್ರತಿ ಹಾಳೆಯ ಕೆಳಗೆ ಫಾರ್ಮಸಿಸ್ಟ್ ಸಹಿ ಇರಬೇಕು. ರುದ್ರಾಣಿ ಅಡುಗೆಮನೆಯಲ್ಲಿ ಕೂತು ಮುಂದಿನ ತಿಂಗಳ ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಡುತ್ತಿದ್ದಳು. ತುಂಬಿದ ಹಾಳೆಗಳನ್ನು ತಿರುವಿ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಆ ಅಂಗಡಿಯನ್ನು ಅವಳು ಕಣ್ಣಾರೆ ಕಂಡೇ ಇರಲಿಲ್ಲ.

ಅವಳು ಹುಟ್ಟಿದ್ದು ಬಸವಾಪಟ್ಟಣದಲ್ಲಿ. ತಂದೆ ಹಾಲಸ್ವಾಮಿ ಅಲ್ಲಿನ ಡಾಕ್ಟರೊಬ್ಬರ ಹತ್ತಿರ ಕಾಂಪೌಂಡರ್ ಆಗಿದ್ದವರು. ಬಾಟಲಿಗೆ ಕಾಗದದ ಪಟ್ಟಿ ಅಂಟಿಸುವುದು, ಔಷಧಿ ಅಳೆದು ಸುರಿಯುವುದು ಅವಳಿಗೆ ಲಂಗ ಉಡುವ ವಯಸ್ಸಿನಲ್ಲೇ ಬಂದಿತ್ತು. ದಾವಣಗೆರೆಯಲ್ಲಿ ಡಿ.ಫಾರ್ಮಾ ಓದಿದಳು. ತರಗತಿಯಲ್ಲಿ ಇದ್ದವರು ಇಬ್ಬರೇ ಹುಡುಗಿಯರು. ಪಾಸಾದ ಮರುವರ್ಷ, ೧೯೮೧ರಲ್ಲಿ, ಜಗಳೂರಿಗೆ ಮದುವೆಯಾಗಿ ಬಂದಳು. ಬಂದ ಹೊಸದರಲ್ಲಿ ಒಮ್ಮೆ, ಬಸ್ ಸ್ಟ್ಯಾಂಡಿನ ಔಷಧಿ ಅಂಗಡಿಯಲ್ಲಿ ಕೆಲಸ ಕೇಳಲೇ ಎಂದು ಅತ್ತೆಯನ್ನು ಕೇಳಿದ್ದಳು.

ಅತ್ತೆ ಸರ್ವಮಂಗಳಮ್ಮ ರೊಟ್ಟಿ ತಟ್ಟುತ್ತಲೇ, "ಕಂಡೋರೆಲ್ಲ ಬಂದು ಕೈ ಚಾಚೋ ಅಂಗ್ಡ್ಯಾಗೆ ಸೊಸೆನ ಕುಂದ್ರಿಸಾಕೆ ನಮಗೇನು ಬಂದೈತೆ?" ಎಂದರು. ಮಾತು ಅಲ್ಲಿಗೇ ಮುಗಿಯಿತು. ಸರ್ಟಿಫಿಕೇಟು ಟ್ರಂಕಿನ ತಳ ಸೇರಿತು.

೧೯೮೪ರಲ್ಲಿ ಕಾನೂನು ಬಿಗಿಯಾಯಿತು. ಅಲ್ಲಿಯವರೆಗೆ ಸಣ್ಣ ಊರುಗಳ ಅಂಗಡಿಗಳಲ್ಲಿ ಡಬ್ಬಿ ಗುರುತು ಹಿಡಿಯಲು ಬಂದವರೆಲ್ಲ ಔಷಧಿ ಕೊಡುತ್ತಿದ್ದರು. ಇನ್ನು ಮೇಲೆ ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಡಾಕ್ಟರ ಚೀಟಿಗೆ ಔಷಧಿ ಕೊಡಬೇಕು, ಬೇರೆಯವರು ಕೊಟ್ಟರೆ ಆರು ತಿಂಗಳವರೆಗೆ ಜೈಲು ಎಂದಾಯಿತು. ಅಂಗಡಿಯವರು ಫಾರ್ಮಸಿಸ್ಟರನ್ನು ಹುಡುಕಲಿಲ್ಲ, ಸರ್ಟಿಫಿಕೇಟುಗಳನ್ನು ಹುಡುಕಿದರು. ಮರುಳಪ್ಪನ ಬಸ್ಸಿನ ಮಾಲೀಕರ ಭಾವಮೈದ ಹಾಲೇಶಪ್ಪ ನ್ಯಾಮತಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ. ಒಂದು ಭಾನುವಾರ ಅವನೇ ಹಣ್ಣಿನ ಚೀಲ ಹಿಡಿದು ಜಗಳೂರಿಗೆ ಬಂದ.

"ನೀವು ಬರೋದೇನೂ ಬ್ಯಾಡ್ರಿ ಅಕ್ಕಾರೆ," ಎಂದ. "ನಿಮ್ಮ ಹೆಸ್ರು ಬಂದ್ರೆ ಸಾಕು."

ತಿಂಗಳಿಗೆ ಇಷ್ಟು ಎಂದು ಅವನೂ ಮರುಳಪ್ಪನೂ ಜಗಲಿಯ ಮೇಲೆ ಮಾತಾಡಿಕೊಂಡರು. ಮಾಲೀಕರ ಕಡೆಯವನು ಬಾಗಿಲಿಗೆ ಬಂದು ಕೇಳಿದಾಗ ಇಲ್ಲವೆನ್ನಲು ಮರುಳಪ್ಪನಿಗೆ ಬಾಯಿ ಬರಲಿಲ್ಲ. ಅತ್ತೆಗೂ ತಕರಾರಿರಲಿಲ್ಲ, ಸೊಸೆ ಹೊಸ್ತಿಲು ದಾಟಬೇಕಿರಲಿಲ್ಲವಲ್ಲ. ಟ್ರಂಕಿನಿಂದ ಸರ್ಟಿಫಿಕೇಟು ಮೇಲೆ ಬಂತು. ಕಾಲೇಜಿನಲ್ಲಿದ್ದಾಗ ತೆಗೆಸಿದ ಎರಡು ಜಡೆಯ ಒಂದು ಫೋಟೋವನ್ನೂ ಹಾಲೇಶಪ್ಪ ಕೇಳಿ ತೆಗೆದುಕೊಂಡು ಹೋದ.

ಅಂದಿನಿಂದ ಅವಳಿಗೆ ಹೆದರಿಕೆ ಶುರುವಾಯಿತು. ರಸ್ತೆಯಲ್ಲಿ ಜೀಪು ನಿಂತ ಸದ್ದಾದರೆ ಒಲೆಯ ಮುಂದಿನಿಂದ ಎದ್ದು ಕಿಟಕಿಗೆ ಬರುವಳು. ಎಲ್ಲೋ ಒಂದೂರಲ್ಲಿ ಡ್ರಗ್ ಇನ್‌ಸ್ಪೆಕ್ಟರು ಅಂಗಡಿಗಳಿಗೆ ಬೀಗ ಹಾಕಿಸಿದರೆಂದು ಪೇಪರಿನಲ್ಲಿ ಬಂದರೆ ಆ ಹಾಳೆಯನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗೆ ತುರುಕುವಳು. ಮರುಳಪ್ಪ ನಗುತ್ತಿದ್ದ. "ಎಲ್ಲಾ ಊರಾಗೂ ಹಿಂಗೇ ನಡೀತೈತೆ. ನಿನಗೊಬ್ಬಳಿಗೇ ಏನು?"

೧೯೮೫ರ ಮೇ ತಿಂಗಳ ಕೊನೆಯ ಶನಿವಾರ. ಅವಳು ಪುಸ್ತಕ ಬಿಚ್ಚುತ್ತಿದ್ದಂತೆ ಒಳಗಿಂದ ಒಂದು ಚೀಟಿ ಜಾರಿ ಮಡಿಲಿಗೆ ಬಿತ್ತು. ಡಾಕ್ಟರ ಚೀಟಿ. ರೋಗಿಗೆ ವಾಪಸು ಕೊಡಬೇಕಾದದ್ದು ಮರೆತು ಪುಸ್ತಕದಲ್ಲೇ ಉಳಿದಿತ್ತು. ಅಂತರಘಟ್ಟಮ್ಮ, ಆರು ವರ್ಷ, ಫಿಟ್ಸ್. ಫಿನೋಬಾರ್ಬಿಟೋನ್ ಮೂವತ್ತು ಮಿಲಿಗ್ರಾಂ, ಅರ್ಧ ಮಾತ್ರೆ, ದಿನಕ್ಕೆ ಎರಡು ಸಲ. ಚೀಟಿ ಇದ್ದ ಹಾಳೆಯನ್ನು ಅವಳು ಅದೇ ಮೊದಲ ಸಲ ಓದಿದಳು. ಅದೇ ಮಗುವಿನ ಹೆಸರು, ನ್ಯಾಮತಿ–ಹೊನ್ನಾಳಿ ರಸ್ತೆಯ ಒಂದು ಹಳ್ಳಿಯ ಹೆಸರು, ಮುಂದೆ ಕೊಟ್ಟ ಔಷಧಿ: ಅರವತ್ತು ಮಿಲಿಗ್ರಾಂ, ಒಂದೊಂದು ಮಾತ್ರೆ, ದಿನಕ್ಕೆ ಮೂರು ಸಲ, ತೊಂಬತ್ತು ಮಾತ್ರೆ. ಬೆರಳು ಮಡಚಿ ಲೆಕ್ಕ ಹಾಕಿದಳು. ಬರೆದದ್ದರ ಆರು ಪಟ್ಟು. ತಾರೀಖು ನೋಡಿದಳು. ಕೊಟ್ಟು ಒಂಬತ್ತು ದಿನವಾಗಿತ್ತು. ಕೆಳಗೆ ನೀಲಿ ಶಾಯಿಯಲ್ಲಿ ಅವಳದೇ ದುಂಡನೆಯ ಸಹಿ.

ಅದು ದಿನದಿನಕ್ಕೂ ಮೈಯಲ್ಲಿ ಕೂಡುತ್ತಾ ಹೋಗುವ ಔಷಧಿ ಎಂದು ಅವಳು ಓದಿದ್ದಳು. ಮೊದಲು ಮಂಪರು, ಆಮೇಲೆ ನಡಿಗೆ ತಪ್ಪುತ್ತದೆ, ಆಮೇಲೆ ಎಬ್ಬಿಸಿದರೂ ಏಳುವುದಿಲ್ಲ, ಕೊನೆಗೆ ಉಸಿರು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾಲುಗಳು ಒಂದೊಂದಾಗಿ ನೆನಪಿಗೆ ಬಂದವು.

ಮರುಳಪ್ಪನಿಗೆ ಹೇಳಿದಳು. ಅವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮುಖ ಬಿಳಿಚಿತು.

"ಒಂಬತ್ತು ದಿನ ಆತಲ್ಲ, ಏನರ ಆಗಿದ್ರೆ ಇಷ್ಟೊತ್ತಿಗೆ ಗೊತ್ತಾಗ್ತಿತ್ತು," ಎಂದ.

"ಗೊತ್ತಾಗಾಕೆ ಹೆಂಗೆ ಸಾಧ್ಯ ರೀ? ಮಾತ್ರೆಯಿಂದ ಹಿಂಗಾಗೈತೆ ಅಂತ ಅವರಿಗೆ ಯಾರು ಹೇಳ್ತಾರೆ?"

"ರುದ್ರಾಣಿ, ಈಗ ಬಾಯಿ ಬಿಟ್ರೆ ಮೊದ್ಲು ಸಿಕ್ಕೋದು ನೀನು. ಆಮ್ಯಾಲೆ ನನ್ನ ಕೆಲ್ಸ. ಆ ಚೀಟಿ ಒಲ್ಯಾಗೆ ಹಾಕು."

ಅವಳು ಚೀಟಿ ಹಿಡಿದು ಒಲೆಯ ಮುಂದೆ ಕೂತಳು. ಹಾಕಿಬಿಡೋಣ ಎಂದು ನಿಜವಾಗಿಯೂ ಅನ್ನಿಸಿತು. ಪೊಲೀಸರು, ಕೋರ್ಟು, ಅತ್ತೆಯ ಮುಖ, ಬಸವಾಪಟ್ಟಣದಲ್ಲಿ ಅಪ್ಪನ ಮುಖ, ಎಲ್ಲ ಕಣ್ಣ ಮುಂದೆ ಬಂದವು. ಕೈ ಮುಂದೆ ಹೋಗಲಿಲ್ಲ. ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು.

ಮಾರನೆಯ ದಿನ ತವರಿಗೆ ಹೋಗಿ ಬರುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ ಮೊದಲ ಬಸ್ಸು ಹತ್ತಿದಳು. ಅದು ಮರುಳಪ್ಪನದೇ ಬಸ್ಸು. ಟಿಕೆಟ್ ಹರಿಯುತ್ತಾ ಅವನು ಅವಳ ಸೀಟಿನವರೆಗೆ ಬಂದು ನಿಂತ.

"ಬಸವಾಪಟ್ಟಣಕ್ಕಾ?"

"ನ್ಯಾಮತಿಗೆ."

ಅವನು ಸುತ್ತ ನೋಡಿದ. ದಾವಣಗೆರೆಯವರೆಗಿನ ಟಿಕೆಟ್ ಹರಿದು ಅವಳ ಕೈಗಿಟ್ಟ. ದಾವಣಗೆರೆಯಲ್ಲಿ ಅವಳು ಇಳಿಯುವಾಗ ಬಾಗಿಲ ಹತ್ತಿರ ಬಗ್ಗಿ, "ಹುಷಾರು," ಎಂದ.

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿಗೆ ಬಂದಾಗ ಹನ್ನೆರಡು ದಾಟಿತ್ತು. ಮಗುವಿನ ಹಳ್ಳಿ ದಾರಿಯಲ್ಲೇ ಹಿಂದೆ ಹೋಯಿತೆಂದು ತಿಳಿದದ್ದು ಇಳಿದ ಮೇಲೆ. ವಾಪಸು ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಾಲು ತಾನಾಗಿಯೇ ಆ ಅಂಗಡಿಯ ಕಡೆ ಹೋಯಿತು. ಒಳಗೆ ಹಾಲೇಶಪ್ಪ ಇರಲಿಲ್ಲ, ನಡುವಯಸ್ಸಿನ ಕೆಲಸದವನೊಬ್ಬನೇ ಕೂತಿದ್ದ. ಅವನ ತಲೆಯ ಮೇಲೆ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಅವಳ ಹೆಸರು, ನೋಂದಣಿ ನಂಬರು, ಎರಡು ಜಡೆಯ ಆ ಹುಡುಗಿ. ಚೌಕಟ್ಟಿಗೆ ಒಣಗಿದ ಹೂವೊಂದನ್ನು ಸಿಕ್ಕಿಸಿದ್ದರು. ಅದು ಸತ್ತವರ ಫೋಟೋದ ಹಾಗೆ ಕಂಡಿತು.

"ಫಾರ್ಮಸಿಸ್ಟ್ ಅದಾರಾ?" ಎಂದು ಕೇಳಿದಳು.

"ಮೇಡಂ ಈಗಷ್ಟೇ ಊಟಕ್ಕೆ ಹೋದ್ರು," ಎಂದ ಅವನು, ಅವಳನ್ನೇ ನೋಡುತ್ತಾ, ಒಂದಿಷ್ಟೂ ತಡವರಿಸದೆ. "ಏನು ಬೇಕಿತ್ತು ಹೇಳ್ರಿ, ನಾನೇ ಕೊಡ್ತೀನಿ."

ಅವಳು ಏನೂ ಬೇಡವೆಂದು ಹೊರಟಳು. ರಸ್ತೆ ದಾಟುವಾಗ ಓಡುತ್ತಿದ್ದೇನೆಂದು ಅವಳಿಗೇ ಗೊತ್ತಾಗಲಿಲ್ಲ.

ಹಳ್ಳಿಯಲ್ಲಿ ಇಳಿದು ಮನೆ ಕೇಳಿಕೊಂಡು ಹೋಗುವಾಗ ದೂರದಿಂದಲೇ ಮುಂದಿನ ಅಂಗಳವನ್ನು ನೋಡಿದಳು. ಜನ ಸೇರಿದ್ದಾರೋ ಎಂದು. ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಮಾತ್ರೆಯನ್ನು ಕಲ್ಲಿನ ಮೇಲಿಟ್ಟು ಲೋಟದ ತಳದಿಂದ ಪುಡಿ ಮಾಡುತ್ತಿದ್ದಳು. ಪಕ್ಕದಲ್ಲಿ ಬೆಲ್ಲದ ಚೂರು. ಅವಳು ಅಜ್ಜಮ್ಮ, ಮಗುವಿನ ಅಪ್ಪನ ತಾಯಿ. ಮಗ ಸೊಸೆ ಇಬ್ಬರೂ ಬೇಸಿಗೆ ಭತ್ತದ ಕೊಯ್ಲಿಗೆ ಹೋಗಿದ್ದರು.

"ಮಗು ಹೆಂಗೈತೆ ಅಜ್ಜಿ?"

"ಭಾಳ ಚಲೋ ಆಗೈತೆ ತಾಯಿ," ಎಂದಳು ಅಜ್ಜಮ್ಮ. "ಈ ಮಾತ್ರೆ ಬಂದಾಗಿಂದ ಒಂದು ದಿನನೂ ಫಿಟ್ಸ್ ಬಂದಿಲ್ಲ. ಮೂರು ದಿನದಿಂದ ಹಗಲು ಹೊತ್ನಾಗೂ ನಿದ್ದೆ ಮಾಡ್ತೈತೆ. ಒಂದು ತಂಟೆ ಇಲ್ಲ, ತಕರಾರಿಲ್ಲ."

ರುದ್ರಾಣಿ ಕೇಳದೆಯೇ ಒಳಗೆ ಹೋದಳು. ಚಾಪೆಯ ಮೇಲೆ ಮಗು ಅಂಗಾತ ಮಲಗಿತ್ತು. ತುಟಿ ಬಿರಿದಿತ್ತು. ಹೆಸರು ಹಿಡಿದು ಕರೆದಳು, ಕೆನ್ನೆ ತಟ್ಟಿದಳು, ಅಂಗಾಲು ಗಿಲ್ಲಿದಳು. ಕಾಲು ಒಂದಿಷ್ಟು ಸರಿಯಿತು, ಕಣ್ಣು ತೆರೆಯಲಿಲ್ಲ. ಎದೆಯ ಮೇಲೆ ಕೈಯಿಟ್ಟಳು. ಒಂದು ಉಸಿರಾದ ಮೇಲೆ ಇನ್ನೊಂದು ಬರುವವರೆಗೆ ಅವಳ ಉಸಿರೂ ನಿಂತಿರುತ್ತಿತ್ತು.

ಅಜ್ಜಮ್ಮ ಬೆಲ್ಲದಲ್ಲಿ ಕಲಸಿದ ಪುಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ರುದ್ರಾಣಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಏನ್ರೀ ಇದು? ಯಾರು ನೀವು? ಡಾಕ್ಟ್ರಾ?"

ಸುಳ್ಳು ಹೇಳುವುದು ಆಗ ಸುಲಭವಿತ್ತು. ಡಾಕ್ಟರು ಕಳಿಸಿದ್ದಾರೆ ಎಂದಿದ್ದರೆ ಸಾಕಿತ್ತು.

"ಈ ಮಾತ್ರೆ ಕೊಟ್ಟ ಅಂಗ್ಡಿಯಾಕಿ ನಾನು ಅಜ್ಜಿ. ತಪ್ಪು ಮಾತ್ರೆ ಕೊಟ್ಟೀವಿ. ಈಗಲೇ ಹೊನ್ನಾಳಿ ಆಸ್ಪತ್ರೆಗೆ ಹೋಗ್ಬೇಕು."

ಅಜ್ಜಮ್ಮ ಕಿರುಚಲಿಲ್ಲ. ಗೋಡೆ ಹಿಡಿದು ನಿಂತು ಅವಳನ್ನೂ ಮಗುವನ್ನೂ ನೋಡಿದಳು. ಆಮೇಲೆ ಹಗ್ಗದ ಮೇಲಿದ್ದ ಸೀರೆಯನ್ನು ಎಳೆದು ಮಗುವನ್ನು ಸುತ್ತಿದಳು. ಬಸ್ಸಿನಲ್ಲಿ ಮಗು ರುದ್ರಾಣಿಯ ತೊಡೆಯ ಮೇಲಿತ್ತು. ಅದರ ತಲೆ ತಿರುವುಗಳಲ್ಲಿ ಅತ್ತಿತ್ತ ಹೊರಳುತ್ತಿತ್ತು. ಅವಳು ಮೂಗಿನ ಬಳಿ ಬೆರಳಿಟ್ಟುಕೊಂಡೇ ಕೂತಳು. ಎಂಜಿನ್ನಿನ ಗಾಳಿಯೋ ಉಸಿರೋ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರಿಗೆ ಅವಳು ಚೀಟಿ ಕೊಟ್ಟು, ಏನು ಕೊಟ್ಟಿದ್ದರೆಂದು ಹೇಳಿದಳು. ಅವರು ಎರಡು ಸಲ ಓದಿ ಕೇಳಿದರು: "ಇದನ್ನ ಕೊಟ್ಟೋರು ಯಾರು?"

"ನನ್ನ ಸಹಿ ಐತೆ ಸಾರ್."

ಮಾತ್ರೆ ನಿಲ್ಲಿಸಿ ಗ್ಲೂಕೋಸ್ ಹಾಕಿದರು, ಮೂಗಿಗೆ ನಳಿಕೆ ಇಟ್ಟರು. ಸಂಜೆ ಸುದ್ದಿ ತಿಳಿದು ಮಗುವಿನ ಅಪ್ಪ ಅಮ್ಮ ಗದ್ದೆಯ ಕೆಸರುಗಾಲಿನಲ್ಲೇ ಓಡಿ ಬಂದರು. ಅಪ್ಪ ಅವಳ ಕಡೆ ಕೈ ಎತ್ತಿಕೊಂಡು ಬಂದ. ಅಜ್ಜಮ್ಮ ನಡುವೆ ನಿಂತಳು. ಎರಡನೆಯ ದಿನ ಮಗುವಿಗೆ ಜ್ವರ ಏರಿತು. ಮೂರನೆಯ ದಿನ ಫಿಟ್ಸ್ ಬಂದು ಕೈಕಾಲು ಸೆಟೆದವು. ವರಾಂಡದಲ್ಲೇ ರಾತ್ರಿ ಕಳೆಯುತ್ತಿದ್ದ ರುದ್ರಾಣಿ, ಮಗು ಉಳಿಯುವುದಿಲ್ಲ ಎಂದುಕೊಂಡಳು. ನಾಲ್ಕನೆಯ ದಿನ ಮಧ್ಯಾಹ್ನ ಮಗು ಕಣ್ಣು ಬಿಟ್ಟು, ನಾಲಗೆ ತೊದಲುತ್ತಾ ಅಜ್ಜಿಯ ಹತ್ತಿರ ನೀರು ಕೇಳಿತು.

ಅಂದು ಅಜ್ಜಮ್ಮ ವರಾಂಡಕ್ಕೆ ಬಂದಳು. "ನೀವು ಬಂದಿದ್ದು ಒಳ್ಳೇದಾತು," ಎಂದಳು. "ಅದನ್ನ ಇಲ್ಲ ಅನ್ನಾಕಿಲ್ಲ. ಆದ್ರೆ ಇನ್ನು ಹೋಗ್ರಿ. ನಿಮ್ಮ ಮುಖ ನೋಡಿದ್ರೆ ಆ ಬೆಲ್ಲ ನೆಪ್ಪಾಗ್ತೈತೆ ನನಗೆ. ನನ್ನ ಕೈಯಾರೆ ತಿನ್ನಿಸ್ತಿದ್ದೆ."

ರುದ್ರಾಣಿ ಅಲ್ಲಿಂದ ಜಗಳೂರಿಗೆ ಹೋಗಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಡ್ರಗ್ ಇನ್‌ಸ್ಪೆಕ್ಟರ ಕಚೇರಿಯಲ್ಲಿ ಎಲ್ಲವನ್ನೂ ಬರೆದು ಕೊಟ್ಟಳು, ಖಾಲಿ ಹಾಳೆಗಳಿಗೆ ತಾನು ಹಾಕಿದ ಸಹಿಗಳನ್ನೂ ಸೇರಿಸಿ. ಗುಮಾಸ್ತರು ಓದಿ ತಲೆಯೆತ್ತಿದರು. "ಇದರಾಗೆ ನಿಮ್ಮ ಮ್ಯಾಲೇ ನೀವು ದೂರು ಕೊಟ್ಟಂಗೆ ಆಗ್ತೈತಲ್ರೀ ತಾಯಿ?" ಅವಳು ಹೌದೆಂದು ತಲೆಯಾಡಿಸಿದಳು.

ಆಮೇಲಿನ ಎರಡು ವರ್ಷ ಅವಳು ಹೆದರಿಕೊಂಡೇ ಬದುಕಿದಳು. ಮರುಳಪ್ಪನ ಕೆಲಸ ಆ ವಾರವೇ ಹೋಯಿತು. ಅವನು ತ್ಯಾವಣಿಗೆಯ ಕಡೆ ಓಡುವ ಬೇರೆ ಬಸ್ಸು ಸೇರಿದ. ಒಂದು ತಿಂಗಳು ಹೆಂಡತಿಯೊಡನೆ ಮಾತಾಡಲಿಲ್ಲ, ಆದರೆ ಕೋರ್ಟಿನ ಮೊದಲ ತಾರೀಖಿಗೆ ರಜೆ ಹಾಕಿ ಅವಳ ಪಕ್ಕದಲ್ಲಿ ಬಂದು ಕೂತ. ಹಾಲೇಶಪ್ಪ ಒಮ್ಮೆ ಕೈ ಮುಗಿದ, ಒಮ್ಮೆ ಬೆದರಿಸಿದ. ಪ್ರತಿ ಸಮನ್ಸಿಗೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಕಟಕಟೆ ಹತ್ತುವಾಗ ಇವತ್ತೇ ಒಳಗೆ ಹಾಕುತ್ತಾರೆ ಎಂದುಕೊಂಡು ಬ್ಯಾಗಿನಲ್ಲಿ ಒಂದು ಸೀರೆ ಇಟ್ಟುಕೊಂಡಿರುತ್ತಿದ್ದಳು. ಕೊನೆಗೆ ಅವಳಿಗೂ ಹಾಲೇಶಪ್ಪನಿಗೂ ದಂಡವಾಯಿತು. ಅವಳ ಹೆಸರನ್ನು ಒಂದು ವರ್ಷ ರಿಜಿಸ್ಟರಿನಿಂದ ತೆಗೆದರು. ಅಂಗಡಿಯ ಲೈಸೆನ್ಸು ಮೂರು ತಿಂಗಳು ಅಮಾನತಾಗಿ, ಆಮೇಲೆ ಬೇರೆ ಯಾರದೋ ಸರ್ಟಿಫಿಕೇಟು ನೇತುಹಾಕಿ ಮತ್ತೆ ಬಾಗಿಲು ತೆರೆಯಿತು.

ಅಂತರಘಟ್ಟಮ್ಮ ಶಾಲೆಗೆ ಹೋಗುತ್ತಿದ್ದಾಳೆ, ಸರಿಯಾದ ಮಾತ್ರೆಯಲ್ಲಿ ಫಿಟ್ಸ್ ಹತೋಟಿಯಲ್ಲಿದೆ ಎಂದು ಹೊನ್ನಾಳಿಯ ಡಾಕ್ಟರಿಂದ ತಿಳಿಯಿತು. ರುದ್ರಾಣಿ ಆ ಹಳ್ಳಿಗೆ ಮತ್ತೆ ಹೋಗಲಿಲ್ಲ.

೧೯೮೮ರಲ್ಲಿ ಹೆಸರು ರಿಜಿಸ್ಟರಿಗೆ ಮರಳಿದ ಮೇಲೆ ಜಗಳೂರಿನ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಕೂತಳು. ಸರ್ವಮಂಗಳಮ್ಮ ಬೇಡವೆನ್ನಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬುತ್ತಿ ಕಟ್ಟಿ ಬಾಗಿಲ ಬಳಿ ಇಡುತ್ತಿದ್ದರು. ಅಂಗಡಿಯಲ್ಲಿ ರುದ್ರಾಣಿ ಪ್ರತಿ ಚೀಟಿಯನ್ನೂ ಎರಡು ಸಲ ಓದುತ್ತಿದ್ದಳು. ಮಾತ್ರೆ ಕೊಟ್ಟ ಮೇಲೆ ಗಿರಾಕಿಯ ಬಾಯಿಂದಲೇ ಹೇಳಿಸುತ್ತಿದ್ದಳು: ಯಾವುದು, ಎಷ್ಟು, ಎಷ್ಟೊತ್ತಿಗೆ. ಬಸ್ಸಿಗೆ ಹೊತ್ತಾಗುತ್ತದೆಂದು ಜನ ಗೊಣಗುವರು. ಮಕ್ಕಳ ಔಷಧಿಯಾದರೆ ಅವಳ ಕೈ ನಡುಗುತ್ತಿತ್ತು. ಆಗ ಮಾತ್ರೆಯನ್ನು ಗಾಜಿನ ಮೇಲಿಟ್ಟು, ನಡುಕ ನಿಲ್ಲುವವರೆಗೆ ಕಾದು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು.