ಮೂರನೇ ಗೋದಾಮಿನ ಎಲ್ಜಿ ಭಾವ

ನನ್ನ ಗಂಡನ ಅಣ್ಣ ಎಲ್ಜಿ ಬ್ರಾನಮ್ ನಡೆಯುವಾಗ ಕೈಯಲ್ಲಿ ಸದಾ ಒಂದು ಕೋಲು ಇರುತ್ತಿತ್ತು. ಕಾಲಿಗೆ ಏನೂ ಆಗಿರಲಿಲ್ಲ. ಮುಂದಿನ ನೆಲವನ್ನು ಕುಟ್ಟಿ, ಸದ್ದು ಕೇಳಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ಚರ್ಚಿನ ಅಂಗಳದಲ್ಲೂ ಹಾಗೆಯೇ. ನಮ್ಮ ಜಿಲ್ಲೆ ಲೆಡ್‌ಫರ್ಡ್ ಕೌಂಟಿಯಲ್ಲಿ ಅವರಿಗೆ ಪುಕ್ಕಲ ಎಲ್ಜಿ ಎಂದೇ ಹೆಸರು.

ಅವರಿಗೆ ಒಂಬತ್ತು ವರ್ಷವಾಗಿದ್ದಾಗ, ಉಳುತ್ತಿದ್ದ ಹೇಸರಗತ್ತೆಯನ್ನು ಕಣ್ಣೆದುರಿಗೇ ನೆಲ ನುಂಗಿತ್ತು. ನೇಗಿಲು ಹಿಡಿದಿದ್ದ ನನ್ನ ಮಾವ ಹಗ್ಗ ಬಿಟ್ಟಿದ್ದರಿಂದ ಉಳಿದುಕೊಂಡರು. ಹೇಸರಗತ್ತೆ ಕೆಳಗೆಲ್ಲೋ ಕತ್ತಲಲ್ಲಿ ಮಧ್ಯಾಹ್ನದವರೆಗೆ ಕೂಗುತ್ತಲೇ ಇತ್ತಂತೆ. ಆಗ ನನ್ನ ಗಂಡ ವರ್ಲನ್ ಇನ್ನೂ ತೊಟ್ಟಿಲಲ್ಲಿದ್ದ. ಒಂದೇ ಮನೆಯಲ್ಲಿ ಬೆಳೆದರೂ ಅಣ್ಣನ ಕಿವಿಯಲ್ಲಿ ಉಳಿದ ಕೂಗು ತಮ್ಮನ ಕಿವಿಗೆ ಬಿದ್ದಿರಲಿಲ್ಲ.

ನಮ್ಮ ಕಡೆಯ ನೆಲವೇ ಹಾಗೆ. ಮೇಲೆ ಒಂದಾಳುದ್ದ ಕೆಮ್ಮಣ್ಣು, ಕೆಳಗೆಲ್ಲ ಸುಣ್ಣದ ಕಲ್ಲು, ಕಲ್ಲಿನೊಳಗೆ ನೀರು ಕೊರೆದ ಪೊಟರೆ. ಹಳ್ಳವೊಂದು ಯಾರದೋ ಹೊಲದಲ್ಲಿ ಮುಳುಗಿ ಮೂರು ಮೈಲಿ ಆಚೆ ಬುಗ್ಗೆಯಾಗಿ ಮೇಲೇಳುತ್ತದೆ. ಆ ನೀರಿನಲ್ಲಿ ಕಬ್ಬಿಣದ ಒಗರಿಲ್ಲ. ಅದನ್ನು ನಂಬಿಯೇ ಮುತ್ತಜ್ಜಂದಿರ ಕಾಲದಲ್ಲಿ ಕಣಿವೆಗೆ ಇಪ್ಪತ್ತು ವಿಸ್ಕಿ ಭಟ್ಟಿ ಹೊಗೆಯಾಡುತ್ತಿದ್ದವು. ಆಮೇಲೆ ಕುಡಿತ ನಿಲ್ಲಿಸುವ ಕಾನೂನು ಬಂತು. ಭಟ್ಟಿಗಳ ಅಂಗಳದಲ್ಲಿ ಹುಲ್ಲು ಬೆಳೆದು, ಜನ ಬೇರೆ ಊರು ಹಿಡಿದರು. ಕಾನೂನು ಹೋದ ಮೇಲೆ ಒಂದೇ ಭಟ್ಟಿ ಮತ್ತೆ ಎದ್ದಿತು. ಪೀಪಾಯಿಗಳಲ್ಲಿ ಮಾಗುವ ವಿಸ್ಕಿಗೆ ಗಾಳಿ ಆಡಲಿ ಎಂದು ಗುಡ್ಡದ ಮೇಲೆ ಐದಂತಸ್ತಿನ ಮರದ ಗೋದಾಮುಗಳನ್ನು ಕಟ್ಟಿದರು. ಕೌಂಟಿಯೊಳಗೆ ಒಂದು ಗುಟುಕು ಮಾರುವುದಕ್ಕೂ ಇಂದಿನವರೆಗೆ ಅಪ್ಪಣೆಯಿಲ್ಲ. ಆದರೆ ನಮ್ಮ ತಲೆಯ ಮೇಲೆ ಹದಿನೈದು ಸಾವಿರ ಪೀಪಾಯಿ ಕೂತಿರುತ್ತದೆ. ಅದರ ಆವಿಗೆ ಬೂಷ್ಟು ಹತ್ತಿ ಗುಡ್ಡದ ಮರಗಳ ತೊಗಟೆ, ನಮ್ಮ ಮನೆಗಳ ಗೋಡೆ ಎಲ್ಲ ಮಸಿ ಬಳಿದಂತೆ ಕಪ್ಪು.

ಇಂಥ ನೆಲಕ್ಕೆ ಹೆದರುವ ಮನುಷ್ಯನಿಗೆ ಸಿಕ್ಕ ಕೆಲಸ ಮೂರನೇ ಗೋದಾಮಿನ ತೂಗುಗುಂಡು ನೋಡುವುದು. ಗೋದಾಮಿನ ನಡುವೆ ಸೂರಿನಿಂದ ನೆಲದವರೆಗೆ ಒಂದು ದಾರ ಇಳಿಬಿಟ್ಟಿರುತ್ತಾರೆ. ತುದಿಯಲ್ಲಿ ಗುಂಡು, ಗುಂಡಿನ ಕೆಳಗೆ ನೆಲಕ್ಕೆ ಹೊಡೆದ ಹಿತ್ತಾಳೆ ಮೊಳೆ. ಗುಂಡಿನ ಮೂತಿ ಮೊಳೆಯ ತಲೆಯ ಮೇಲಿದ್ದರೆ ಕಟ್ಟಡ ನೆಟ್ಟಗಿದೆ ಎಂದರ್ಥ. ಪೀಪಾಯಿಗಳನ್ನು ಒಂದೇ ಪಕ್ಕದಿಂದ ತೆಗೆದರೆ ಗುಂಡು ಸ್ವಲ್ಪ ಸರಿಯುವುದುಂಟು. ಇನ್ನೊಂದು ಪಕ್ಕ ತೆಗೆದಾಗ ಮರಳುತ್ತದೆ. ಭಾವ ಇಪ್ಪತ್ತು ವರ್ಷ ದಿನಕ್ಕೆರಡು ಸಲ ಮೊಣಕಾಲೂರಿ ಅದನ್ನು ನೋಡಿದವರು. ಒಂದು ಸಲ ಮಾತ್ರ ಮೋಸಹೋಗಿದ್ದರು. ದಾರ ಒದ್ದೆಯಾಗಿ ಸುರುಳಿಗೊಂಡದ್ದನ್ನು ತಿಳಿಯದೆ ಗೋದಾಮು ವಾಲಿತೆಂದು ಬೊಬ್ಬೆ ಹಾಕಿ, ಆರು ವಾರ ಆಳುಗಳಿಂದ ಪೀಪಾಯಿ ಆಚೆಗೀಚೆಗೆ ಹೊರಿಸಿದ್ದರು. ಅದಾಗಿ ಹತ್ತು ವರ್ಷವಾಗಿದ್ದರೂ ಊರು ಮರೆತಿರಲಿಲ್ಲ.

ಆ ಏಪ್ರಿಲ್ ತಿಂಗಳ ಒಂದು ಬುಧವಾರ ಭಾವ ನಮ್ಮ ಮನೆಗೆ ಊಟಕ್ಕೆ ಬಂದರು. ಜೋಳದ ರೊಟ್ಟಿಯನ್ನು ಮಜ್ಜಿಗೆಗೆ ಮುರಿದು ಹಾಕಿಕೊಂಡವರು ತಿನ್ನಲಿಲ್ಲ.

"ಗುಂಡು ಸರಿದಿದೆ," ಅಂದರು. "ಹಿಂದುಗಡೆ, ಹಳ್ಳದ ಕಡೆಗೆ. ಒಂದು ಗೋಧಿ ಕಾಳಿನಷ್ಟು."

ವರ್ಲನ್ ನಕ್ಕ. "ದಾರ ಒಣಗಿಸಿ ನೋಡಿದ್ಯಾ ಅಣ್ಣ?"

"ಒಣಗಿದೆ. ಹೊಸ ದಾರ. ಬೆಳಿಗ್ಗೆ ಗುಡ್ಡದ ಬುಡದ ಬುಗ್ಗೆ ನೋಡಿದ್ಯಾ ನೀನು?"

"ಬುಗ್ಗೆಗೇನಾಗಿದೆ?"

"ಕೆಂಪಗೆ ಬರ್ತಿದೆ ಕಣೋ. ಮಳೆ ಬಿದ್ದು ಒಂಬತ್ತು ದಿನ ಆಯ್ತು. ಮೇಲಿಂದ ಮಣ್ಣು ಬಂದಿಲ್ಲ ಅಂದ್ರೆ ಕೆಳಗಿಂದ ಬರ್ತಿದೆ. ಗುಡ್ಡದ ಹೊಟ್ಟೆ ತೊಳೆದು ಹೋಗ್ತಿದೆ."

"ನಿಂಗೆ ಗುಡ್ಡಕ್ಕೂ ಹೊಟ್ಟೆನೋವು ಬಂದ ಹಾಗೆ ಕಾಣುತ್ತೆ, ಮಾರಾಯ. ಉಣ್ಣು, ಉಣ್ಣು."

ನಾನೂ ನಕ್ಕೆ. ಆದರೆ ಅವರು ಹೋದ ಮೇಲೆ ಬಿಂದಿಗೆ ಹಿಡಿದು ಬುಗ್ಗೆಗೆ ಹೋದೆ. ನೀರು ಇಟ್ಟಿಗೆ ಕಲಸಿದಂತಿತ್ತು. ನನ್ನ ಗಂಡನೂ ಸೇರಿ ಒಂಬತ್ತು ಜನ ಆ ಗೋದಾಮಿನೊಳಗೆ ದಿನವಿಡೀ ಪೀಪಾಯಿ ಉರುಳಿಸುತ್ತಿದ್ದರು. ಬಿಂದಿಗೆಯನ್ನು ಖಾಲಿಯಾಗಿಯೇ ಹೊತ್ತು ಮರಳಿದೆ.

ಗುರುವಾರಕ್ಕೆ ಗುಂಡು ಹೆಬ್ಬೆರಳಿನಗಲ ಸರಿದಿತ್ತು. ನಾಲ್ಕನೇ ಅಂತಸ್ತಿನ ಬಾಗಿಲನ್ನು ಭುಜ ಕೊಟ್ಟು ನೂಕಬೇಕಾಯಿತು. ಭಾವ ಮ್ಯಾನೇಜರ್ ಸ್ಟ್ರಿಬ್ಲಿಂಗ್ ಹತ್ತಿರ ಹೋದರು. ಅವನು ಕಾಗದದಿಂದ ತಲೆ ಎತ್ತಲಿಲ್ಲವಂತೆ.

"ಪಡುವಲ ಪಕ್ಕದ ಸರಕು ತೆಗೀತಿದ್ದೀವಿ ಎಲ್ಜಿ, ಅದಕ್ಕೇ ವಾಲಿದೆ. ನಾಳೆ ಮೇಲಿನ ಅಂತಸ್ತಿಗೆ ಹೊಸದು ತುಂಬ್ತೀವಿ, ತಾನೇ ಸರಿಹೋಗುತ್ತೆ."

"ಮೇಲೆ ತುಂಬಬೇಡಿ. ಕೈಮುಗೀತೀನಿ."

"ಈ ಸಲ ಎಷ್ಟು ವಾರ ಹೊರಿಸ್ತೀಯಪ್ಪ? ಆರೋ, ಏಳೋ?"

ಭಾವ ಅಲ್ಲಿಂದ ಪೀವಿ ಸಾಹೇಬರ ಹತ್ತಿರ ಹೋದರು. ಸಾಹೇಬರು ವಿಸ್ಕಿಯ ಸುಂಕ ಕಾಯಲು ಬಂದ ಸರ್ಕಾರದವರು. ಗೋದಾಮಿನ ಬಾಗಿಲಿಗೆ ಎರಡು ಬೀಗ, ಒಂದು ಭಟ್ಟಿಯದು, ಒಂದು ಸರ್ಕಾರದ್ದು. ಸರ್ಕಾರದ ಬೀಗದ ಕೈ ಸಾಹೇಬರ ಸೊಂಟದಲ್ಲಿ. ಅವರು ತೆಗೆಯದೆ ಮಾಲೀಕನೂ ಒಳಗೆ ಕಾಲಿಡುವಂತಿಲ್ಲ.

"ಬೀಗ ಹಾಕಿಬಿಡಿ ಸಾಹೇಬ್ರೇ," ಎಂದು ಭಾವ ಕೇಳಿದರು.

"ಏನಂತ ಹಾಕಲಿ? ನನ್ನ ಪುಸ್ತಕದಲ್ಲಿ ಸೋರಿಕೆ ಇದೆ, ಕಳ್ಳತನ ಇದೆ, ಬೆಂಕಿ ಇದೆ. ವಾಲೋದು ಇಲ್ಲ."

"ಬೆಂಕಿ ಅಂದ್ರೆ?"

"ಬೆಂಕಿ ಅಂತ ಕೂಗು ಎದ್ದರೆ ಬೀಗ. ನಗರದಿಂದ ಇನ್ಸ್‌ಪೆಕ್ಟರ್ ಬಂದು ನೋಡೋವರೆಗೆ ನಮ್ಮಪ್ಪ ಬಂದ್ರೂ ತೆಗೆಯಲ್ಲ. ಯಾಕಯ್ಯಾ?"

"ಸುಮ್ನೆ ಕೇಳಿದೆ," ಅಂದರಂತೆ ಭಾವ.

ಈ ಮಾತನ್ನೆಲ್ಲ ಸಾಹೇಬರೇ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು.

ಶುಕ್ರವಾರ ಹತ್ತು ಗಂಟೆಯ ಸುಮಾರಿಗೆ ನಾನು ಬಟ್ಟೆ ಒಗೆಯುತ್ತಿದ್ದೆ. ಗುಡ್ಡದಿಂದ ಬೆಂಕಿಯ ಗಂಟೆ ಹೊಡೆದುಕೊಂಡಿತು. ವಿಸ್ಕಿ ಗೋದಾಮಿಗೆ ಬೆಂಕಿ ಎಂದರೆ ಏನೆಂದು ನಮ್ಮೂರಿನ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಉರಿಯುವ ವಿಸ್ಕಿ ಹಳ್ಳ ಹಿಡಿದು ಮನೆಬಾಗಿಲಿಗೇ ಬರುತ್ತದೆ. ಸೋಪಿನ ಕೈಯಲ್ಲೇ ಓಡಿದೆ. ದಾರಿಯುದ್ದಕ್ಕೂ ಹೊಗೆ ಹುಡುಕುತ್ತಿದ್ದೆ. ಹೊಗೆಯಿರಲಿಲ್ಲ.

ಒಂಬತ್ತೂ ಜನ ಅಂಗಳದಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಮೂರನೇ ಅಂತಸ್ತಿನಿಂದ ಹಗ್ಗ ಹಿಡಿದು ಜಾರಿದ ವರ್ಲನ್‌ನ ಎರಡೂ ಅಂಗೈಯ ಚರ್ಮ ಕಿತ್ತುಹೋಗಿತ್ತು. ಸ್ಟ್ರಿಬ್ಲಿಂಗ್ ಅರಚುತ್ತಿದ್ದ.

"ಯಾರು ಕೂಗಿದ್ದು? ಬೆಂಕಿ ಎಲ್ಲಿ?"

"ನಾನೇ ಕೂಗಿದ್ದು. ಬೆಂಕಿ ಇಲ್ಲ," ಅಂದರು ಭಾವ.

ಒಂಬತ್ತು ಜನರಲ್ಲಿ ಹಿರಿಯನಾದ ಡೂಲಿ ಅವರ ಕಾಲ ಹತ್ತಿರ ಉಗುಳಿದ. ಸ್ಟ್ರಿಬ್ಲಿಂಗ್ ಭಾವನನ್ನು ಅಲ್ಲೇ ಕೆಲಸದಿಂದ ತೆಗೆದ. ಅಷ್ಟರಲ್ಲಿ ಪೀವಿ ಸಾಹೇಬರು ಬಂದು ಬಾಗಿಲೆಳೆದು ಬೀಗ ಜಡಿದರು.

"ಸುಳ್ಳು ಕೂಗು ಅಂತ ಅವನೇ ಒಪ್ಪಿಕೊಂಡ್ನಲ್ಲ, ಸಾಹೇಬ್ರೇ! ತೆಗೀರಿ!" ಎಂದು ಸ್ಟ್ರಿಬ್ಲಿಂಗ್ ಕಿರುಚಿದ.

"ಕೂಗು ಎದ್ದಿದೆ. ಪುಸ್ತಕದಲ್ಲಿ ಬರೆದಾಗಿದೆ. ಇನ್ಸ್‌ಪೆಕ್ಟರ್ ಸೋಮವಾರ ಬರ್ತಾರೆ," ಅಂದರು ಸಾಹೇಬರು. ಭಾವನ ಕಡೆ ಅವರು ನೋಡಲಿಲ್ಲ.

ವರ್ಲನ್ ನೋಡಿದ. "ಇಡೀ ಕೌಂಟಿ ಮುಂದೆ ನಮ್ಮ ಮನೆ ಹೆಸರು ಮಣ್ಣುಪಾಲು ಮಾಡ್ದೆ. ಇವತ್ತಿಂದ ನಂಗೆ ಅಣ್ಣ ಇಲ್ಲ. ನೀನು ಸತ್ರೂ ನನ್ನ ಬಾಯಿಂದ ಒಂದು ಮಾತು ಬರಲ್ಲ."

ಭಾವ ಅವನ ಅಂಗೈ ನೋಡುತ್ತ ನಿಂತಿದ್ದರು.

ಶನಿವಾರ ಸಂಜೆ ವರ್ಲನ್‌ನ ಕೈಗೆ ಹಂದಿ ಕೊಬ್ಬು ಸವರಿ ಬಟ್ಟೆ ಕಟ್ಟುತ್ತ ಒಮ್ಮೆ ಹೇಳಿ ನೋಡಿದೆ: "ಬುಗ್ಗೆ ಇನ್ನೂ ಕೆಂಪಗೇ ಇದೆ. ಸೋಮವಾರ ಹೋಗ್ಬೇಡ."

"ಹೋಗದೆ ಇದ್ರೆ ನಾನೂ ಪುಕ್ಲ ಅಂತಾರೆ. ಕಟ್ಟು ಬಿಗಿಯಾಗಿ."

ಭಾನುವಾರ ಚರ್ಚಿನಲ್ಲಿ ಭಾವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ನಾನು ಕಣ್ಣುಮುಚ್ಚಿ ಪ್ರಾರ್ಥಿಸುವಾಗ, ಗೋದಾಮು ಬೀಗದೊಳಗಿರುವಾಗಲೇ ಬಿದ್ದುಹೋಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಿದ್ದರೆ ಊರಿನ ಅನ್ನ ಹೋಗುತ್ತದೆ. ಬೀಳದಿದ್ದರೆ ಸೋಮವಾರ ಬೀಗ ತೆಗೆದು ನನ್ನ ಗಂಡನನ್ನು ಐದನೇ ಅಂತಸ್ತಿಗೆ ಹತ್ತಿಸುತ್ತಾರೆ. ದೇವರಿಗೆ ಏನೂ ಹೇಳದೆ ಎದ್ದುಬಂದೆ.

ಸೋಮವಾರ ಬೆಳಿಗ್ಗೆ ಬುತ್ತಿ ಕೊಡುವ ನೆಪ ಮಾಡಿಕೊಂಡು ಗುಡ್ಡ ಹತ್ತಿದೆ. ಇನ್ಸ್‌ಪೆಕ್ಟರ್ ಇನ್ನೂ ಬಂದಿರಲಿಲ್ಲ. ರಸ್ತೆ ಕಡೆ ಪೀಪಾಯಿ ಇಳಿಸುವ ಕಟ್ಟೆ ಇದೆ. ಎಂಟು ಜನ ಗೋಡೆಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ನೆರಳಿನಲ್ಲಿ ಕೂತು ಹರಟುತ್ತಿದ್ದರು. ವರ್ಲನ್ ಮಾತ್ರ ಸ್ವಲ್ಪ ದೂರ. ಒಳಗೆ ಬರಬಾರದೆಂದು ಹೇಳಿದ್ದರಿಂದ ಭಾವ ಬೇಲಿಯಾಚೆ ನಿಂತಿದ್ದರು.

"ಗೋಡೆ ಬಿಟ್ಟು ಈಚೆ ಬನ್ರೋ," ಎಂದು ಕೂಗುತ್ತಿದ್ದರು. "ಡೂಲಿ, ನಿನ್ನ ಮೊಮ್ಮಕ್ಕಳ ಆಣೆ, ಬಾರೋ."

"ಬೆಂಕಿ ಹತ್ತಿದ ಮೇಲೆ ಬರ್ತೀವಿ ಕಣಪ್ಪಾ!" ಅಂದ ಡೂಲಿ. ಎಲ್ಲರೂ ನಕ್ಕರು.

ಆ ನಗು ವರ್ಲನ್‌ನಿಂದ ತಡೆದುಕೊಳ್ಳಲಾಗಲಿಲ್ಲ. ಅಣ್ಣನ ಮುಖ ಕಾಣದ ಕಡೆ ಹೋಗಬೇಕೆಂದು ಎದ್ದು, ಗೋದಾಮಿನ ಮೂಲೆ ತಿರುಗಿ ಹಿಂದಕ್ಕೆ ಹೋದ. ಹಿಂದಕ್ಕೆ ಎಂದರೆ ಹಳ್ಳದ ಕಡೆಗೆ.

ಭಾವನ ಬಾಯಿ ತೆರೆದದ್ದು ಕಂಡೆ. ಕೂಗು ಹೊರಡುವ ಮೊದಲು ಗೋದಾಮಿನೊಳಗೆ ಯಾರೋ ಒಣ ಸೌದೆ ಮುರಿದಂತೆ ಸದ್ದಾಯಿತು. ಒಂದು, ಎರಡು, ಆಮೇಲೆ ಲೆಕ್ಕವಿಲ್ಲದಷ್ಟು. ಕಟ್ಟೆಯ ಮೇಲಿದ್ದವರು ಬಿದ್ದು ಎದ್ದು ಓಡಿದರು. ಕಪ್ಪು ಗೋಡೆ ನಮ್ಮಿಂದ ಆಚೆಗೆ, ಆಯಾಸದಿಂದ ಮಗ್ಗುಲು ಬದಲಿಸುವವರಂತೆ, ನಿಧಾನವಾಗಿ ವಾಲಿ ಹೋಯಿತು. ಅದರ ಹಿಂದೆಯೇ ಪೀಪಾಯಿಗಳ ಗುಡುಗು. ಕಾಲ ಕೆಳಗಿನ ನೆಲ ಅದುರಿ ಅದುರಿ ನಿಂತಿತು. ಧೂಳೆದ್ದು ಹಗಲೇ ಮುಚ್ಚಿಹೋಯಿತು. ಕಣ್ಣು ಮೂಗು ಉರಿಯುವಷ್ಟು ವಿಸ್ಕಿಯ ವಾಸನೆ.

ಆ ಮಬ್ಬಿನಲ್ಲಿ ಭಾವನ ದನಿ ಕೇಳಿತು. ಬೇಲಿ ಹಾರಿ ಬಂದಿದ್ದರು. ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದರು.

"ಡೂಲಿ!"

"ಇದ್ದೀನಿ."

"ಕ್ಲೀವ್!"

"ಇದ್ದೀನಿ, ಅಣ್ಣಾ."

ಎಂಟು ಹೆಸರು, ಎಂಟು ಉತ್ತರ. ಆಮೇಲೆ "ವರ್ಲನ್!" ಅಂದರು.

ಎಲ್ಲೋ ಒಂದು ಪೀಪಾಯಿ ಇನ್ನೂ ಉರುಳುತ್ತಿತ್ತು. "ವರ್ಲನ್!" ಎಂದು ಮತ್ತೆ ಕೂಗಿದರು. ಸತ್ತಿದ್ದಾನೋ, ಆಡಿದ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದಾನೋ ಎಂದು ತಿಳಿಯದೆ ಬುತ್ತಿಯನ್ನು ಎದೆಗವಚಿಕೊಂಡು ನಿಂತಿದ್ದೆ. ಭಾವ ಮೂರನೇ ಸಲ ಕೂಗಿದರು, ನಾಲ್ಕನೇ ಸಲ ಕೂಗಿದರು. ಐದನೇ ಸಲ ಆ ದನಿ ಒಡೆದು ಮಕ್ಕಳ ದನಿಯಂತಾಯಿತು.

"ಇದ್ದೀನಿ ಕಣೋ," ಎಂದು ಹಳ್ಳದ ಆಚೆಯಿಂದ ಕೇಳಿಸಿತು.

ಕೈಯ ಉರಿ ತಾಳದೆ ನೀರಿಗೆ ಅದ್ದಲು ಹಳ್ಳಕ್ಕೆ ಇಳಿಯುವಾಗ ಸದ್ದು ಕೇಳಿ, ನೀರಲ್ಲಿ ಬಿದ್ದು ಎದ್ದು ಅವನು ಆಚೆ ದಡ ಹತ್ತಿದ್ದನಂತೆ. ಧೂಳು ತೆಳುವಾದಾಗ ಕಂಡ. ಅಡಿಯಿಂದ ಮುಡಿಯವರೆಗೆ ನೆನೆದಿದ್ದ. ಅವನಿಗೂ ನಮಗೂ ನಡುವೆ ಒಡೆದ ಪೀಪಾಯಿಗಳ ರಾಶಿ, ಅದರ ಪಕ್ಕದಲ್ಲಿ ಹೊಸದಾಗಿ ಬಾಯಿ ತೆರೆದ ಕೆಂಪು ಗುಂಡಿ. ವಿಸ್ಕಿ ಅದರೊಳಗೆ ಗಳಗಳನೆ ಇಳಿಯುತ್ತಿತ್ತು. ವರ್ಲನ್ ನನ್ನನ್ನು ಕಂಡು ನೇರವಾಗಿ ಓಡಿಬರಲು ಹೊರಟ.

"ನಿಲ್ಲು!" ಭಾವ ಕೂಗಿದರು. "ಹೆಜ್ಜೆ ಇಡಬೇಡ. ನಿನ್ನ ಮುಂದಿನ ನೆಲ ಟೊಳ್ಳು ಕಣೋ, ಇನ್ನೂ ಇಳೀತಾ ಇದೆ."

ನನ್ನ ಗಂಡ ಹುಟ್ಟಿದಾಗಿನಿಂದ ಅಣ್ಣನ ಒಂದು ಮಾತು ಕೇಳಿದವನಲ್ಲ. ಈ ಸಲ ಎತ್ತಿದ ಕಾಲನ್ನು ಹಿಂದಕ್ಕೇ ಇಟ್ಟ. ಸುತ್ತ ಒಮ್ಮೆ ನೋಡಿದ. ಹುಲ್ಲೆಲ್ಲ ಒಂದೇ ತರಹ ಹಸಿರಾಗಿತ್ತು.

"ಯಾವ ಕಡೆಯಿಂದ ಬರಲಿ, ಅಣ್ಣಾ?" ಅಂದ.