ಅಮ್ಮಯ ಕೈರುಚಿ

ನಮ್ಮ ಕಾಲೇಜಿನ ಮ್ಯಾಗಜೀನ್ ಅಚ್ಚಾಗುವುದು ನಿಂತು ವೆಬ್‌ಸೈಟಿಗೆ ಏರಿದ ವರ್ಷ ನಾನು ದೊಡ್ಡಬಳ್ಳಾಪುರದಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಇನ್ನು ಮುಂದೆ ನಮ್ಮ ಬರಹವನ್ನು ಜಗತ್ತೇ ಓದುತ್ತದೆ, ಹಾಗಾಗಿ ಕಾನೂನು ತಿಳಿದಿರಬೇಕು ಎಂದು ಸಭಾಂಗಣದಲ್ಲಿ ಒಂದು ಕಾರ್ಯಾಗಾರ ಇಟ್ಟರು. ಬೆಂಗಳೂರಿನಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿ ಕೃತಿಸ್ವಾಮ್ಯದ ಬಗ್ಗೆ ಪರದೆಯ ಮೇಲೆ ಚಿತ್ರ ತೋರಿಸುತ್ತ ಮಾತಾಡಿದರು. ‘ಬೇರೆಯವರ ಫೋಟೊ ಕದಿಯಬೇಡಿ’ ಎಂಬ ಸಾಲಿನ ಕೆಳಗೆ ಯಾವುದೋ ದೇಶದ ಮಕ್ಕಳು ಲ್ಯಾಪ್‌ಟಾಪ್ ನೋಡಿ ನಗುತ್ತಿದ್ದರು. ಅವರ ಮೂಗಿನ ಮೇಲೆ ಅಡ್ಡಡ್ಡ, ಫೋಟೊ ಮಾರುವ ಕಂಪನಿಯ ಹೆಸರು ಬೂದು ಬಣ್ಣದಲ್ಲಿ ಹಾಗೇ ಉಳಿದಿತ್ತು. ದುಡ್ಡು ಕೊಟ್ಟು ತಂದಿದ್ದರೆ ಅದು ಇರುತ್ತಿರಲಿಲ್ಲ. ಆಮೇಲೆ, ಯಾರ ಫೋಟೊ ಹಾಕುವುದಿದ್ದರೂ ಮೊದಲು ಅವರ ಒಪ್ಪಿಗೆ ಪಡೆಯಿರಿ ಎಂದರು. ಭಾಷಣ ಮುಗಿಯುತ್ತಲೇ ನಮ್ಮನ್ನೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆದು, ನಾವು ಉಪ್ಪಿಟ್ಟು ತಿಂದು ಕೈ ತೊಳೆಯುವುದರೊಳಗೆ ಕಾಲೇಜಿನ ಪೇಜಿಗೆ ಹಾಕಿದ್ದರು. ಅದರಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೇನೆ. ಇವತ್ತಿಗೂ ಅಲ್ಲೇ ಮುಚ್ಚಿಕೊಂಡು ನಿಂತಿದ್ದೇನೆ.

ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಾಗುವುದಿಲ್ಲ ಎಂದೂ ಅವರು ಹೇಳಿದ್ದರು. ಅದು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರ ತಲೆಯಲ್ಲಿ ಉಳಿದದ್ದು ‘ಕೃಪೆ’ ಎಂಬ ಪದ ಮಾತ್ರ. ಮ್ಯಾಗಜೀನಿನ ಹೊಣೆ ಹೊತ್ತಿದ್ದ ಕನ್ನಡ ಮೇಷ್ಟ್ರು ಅದನ್ನೇ ನಿಯಮ ಮಾಡಿಬಿಟ್ಟರು. ಎಲ್ಲಿಂದ ಏನನ್ನೇ ಎತ್ತಿಕೊಂಡು ಬನ್ನಿ, ಕೆಳಗೆ ಕೃಪೆ ಅಂತ ಇದ್ದರೆ ಸಾಕು, ಪಾಪ ಪರಿಹಾರ. ಪ್ರವಾಸಕಥನಕ್ಕೆ ‘ಕೃಪೆ: ಅಂತರ್ಜಾಲ’, ನಗೆಹನಿಗೆ ‘ಕೃಪೆ: ಫಾರ್ವರ್ಡ್’, ಒಂದು ಕವನಕ್ಕಂತೂ ‘ಕೃಪೆ: ನಮ್ಮಣ್ಣನ ಮೊಬೈಲ್’. ತೂಬಗೆರೆ ಕಡೆಯ ಸಹಪಾಠಿಯೊಬ್ಬ ತಮ್ಮ ತೋಟದ ದ್ರಾಕ್ಷಿ ಚಪ್ಪರದ ಫೋಟೊ ತಂದರೆ ಅದರಡಿಯಲ್ಲೂ ‘ಕೃಪೆ: ಅಂತರ್ಜಾಲ’ ಬಂತು.

“ನಾನೇ ತೆಗ್ದಿದ್ದು ಸರ್, ನಮ್ ತೋಟಾನೇ” ಎಂದ ಅವನು.

“ಇರ್ಬೌದು ಕಣಪ್ಪ. ಕೃಪೆ ಇಲ್ದೆ ಹಾಕಂಗಿಲ್ವಲ್ಲ” ಎಂದರು ಮೇಷ್ಟ್ರು.

ಇಡೀ ಸಂಚಿಕೆಯಲ್ಲಿ ಯಾರ ಕೃಪೆಯೂ ಇಲ್ಲದೆ ಬಂದದ್ದು ನನ್ನ ಬರಹ ಮಾತ್ರ. ನಾನೇ ಬರೆದದ್ದಕ್ಕೆ ಯಾರ ಕೃಪೆ ಹಾಕಲಿ ಎಂದು ಹಟ ಹಿಡಿದಿದ್ದೆ. ಮೇಷ್ಟ್ರಿಗೆ ಅದು ಸರಿಬರಲಿಲ್ಲ.

ನಾನು ಬರೆದದ್ದು ಅವರೆಕಾಳು ಹಿತಕುವ ಮಧ್ಯಾಹ್ನಗಳ ಬಗ್ಗೆ. ನಮ್ಮದು ದಖ್ಖನಿ ಉರ್ದು ಮನೆಮಾತಿನ ಮನೆ, ತಾಯಿಯನ್ನು ಅಮ್ಮಿ ಎನ್ನುತ್ತೇವೆ. ಅವರೆ ಕಾಲದಲ್ಲಿ ಅಮ್ಮಿ ಮತ್ತು ಪಕ್ಕದ ಮನೆಯ ಆಂಟಿ ಜಗುಲಿಯಲ್ಲಿ ಕೂತು, ನೆನೆಸಿದ ಕಾಳನ್ನು ಬೆರಳಲ್ಲಿ ಹಿಸುಕಿ ಸಿಪ್ಪೆ ತೆಗೆಯುತ್ತಾರೆ. ಆಂಟಿ ಮನೆಯಲ್ಲಿ ಪವರ್ ಲೂಮ್ ಓಡುತ್ತಿರುತ್ತದೆ, ಆದ್ದರಿಂದ ಇಬ್ಬರೂ ಕಿರುಚಿಕೊಂಡೇ ಗುಟ್ಟು ಹೇಳಿಕೊಳ್ಳುತ್ತಾರೆ. ನಮ್ಮ ಬೀದಿಯಲ್ಲಿ ಯಾರ ಸೊಸೆ ಯಾಕೆ ಮುನಿಸಿಕೊಂಡಳು ಎಂಬುದು ಎಲ್ಲರಿಗೂ ಗೊತ್ತಿರುವುದು ಹೀಗೆ. ಸಂಜೆ ಅವರ ಮನೆಯಲ್ಲಿ ಮುದ್ದೆಗೆ ಸಾರು, ನಮ್ಮಲ್ಲಿ ಅವರೆ ಹಾಕಿದ ಖೀಮಾ. ಇಷ್ಟನ್ನು ಬರೆದಿದ್ದೆ. ಹಾಕುವ ಮೊದಲು ಅಮ್ಮಿಯನ್ನು ಕೇಳಿಯೂ ಇದ್ದೆ. ಫೋಟೊ ಒಂದು ಹಾಕಬೇಡ, ಮಿಕ್ಕಿದ್ದು ಏನಾದರೂ ಮಾಡಿಕೋ ಎಂದಿದ್ದಳು. ಅವಳು ಕನ್ನಡ ಲೀಲಾಜಾಲವಾಗಿ ಮಾತಾಡುತ್ತಾಳೆ, ಓದಲು ಬಾರದು. ಓದಿ ಹೇಳುತ್ತೇನೆಂದು ಕೂರಿಸಿದಾಗಲೆಲ್ಲ ನಲ್ಲಿಯಲ್ಲಿ ನೀರು ಬರುತ್ತಿತ್ತು.

ಸ್ವಲ್ಪ ದಿನದ ಮೇಲೆ ಮೇಷ್ಟ್ರು ಕನ್ನಡ ವಿಭಾಗಕ್ಕೆ ಕರೆಸಿದರು. ಕೈಯಲ್ಲಿ ಮೊಬೈಲ್ ಇತ್ತು. ಸಾವಿರಾರು ಜನ ನೋಡುವ ಕನ್ನಡದ ಒಂದು ಪೇಜಿನಲ್ಲಿ ನನ್ನ ಬರಹ ಇತ್ತು, ಕೊನೆಯಲ್ಲಿ ‘ಸಂಗ್ರಹ’ ಎಂದು ಯಾರೋ ಮಹಾನುಭಾವರ ಹೆಸರು. ಕದ್ದವನನ್ನು ಒಂದೇ ಏಟಿಗೆ ವಿದ್ವಾಂಸನನ್ನಾಗಿ ಮಾಡುವ ಪದ ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ.

“ಏನಮ್ಮಾ ಇದು? ಇಷ್ಟು ಜನ ಓದಿರೋದನ್ನ ಕದ್ರೆ ಸಿಕ್ಕಾಕೊಳ್ಳಲ್ವಾ?” ಎಂದರು.

“ಸರ್, ಅವ್ರೇ ನಂದನ್ನ ತಗೊಂಡಿರೋದು.”

“ಅವ್ರದ್ದು ಹಿಂದಿನ ತಾರೀಖಿದೆ. ನಿಂದು ಮೊನ್ನೆ ಮೊನ್ನೆದು.”

ತಾರೀಖಿನ ಕಥೆ ಏನೆಂದರೆ, ಯಾರೋ ದೊಡ್ಡವರು ಕಾಲೇಜು ನೋಡಲು ಬರುತ್ತಾರೆಂದು ವೆಬ್‌ಸೈಟಿಗೆ ಹೊಸ ಬಣ್ಣ ಬಳಿದಿದ್ದರು. ಆಗ ಎಲ್ಲ ಬರಹಗಳನ್ನೂ ಇಳಿಸಿ ಮತ್ತೆ ಏರಿಸಿದ್ದರಿಂದ ಸಮಸ್ತ ಸಾಹಿತ್ಯವೂ ಮೊನ್ನೆ ತಾನೇ ಹುಟ್ಟಿದಂತೆ ತೋರುತ್ತಿತ್ತು. ನಾನು ಕೊಟ್ಟಿದ್ದ ಕೈಬರಹವನ್ನು ಕಂಪ್ಯೂಟರ್ ಲ್ಯಾಬಿನವರು ಟೈಪ್ ಮಾಡಿ ರದ್ದಿಗೆ ಹಾಕಿದ್ದರು.

“ನಿಮ್ಮನೇಲಿ ಉರ್ದು ಅಲ್ವೇನಮ್ಮ? ಬೇಜಾರ್ ಮಾಡ್ಕೋಬೇಡ, ಇಂಥಾ ಕನ್ನಡ...” ಎಂದು ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಆ ವಾಕ್ಯದ ಉಳಿದರ್ಧ ನನಗೆ ಒಂದನೇ ಕ್ಲಾಸಿನಿಂದಲೂ ಬಾಯಿಪಾಠ. ಹಳಗನ್ನಡದಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಕೊಟ್ಟವರು ಇದೇ ಮೇಷ್ಟ್ರು. ಅದನ್ನೂ ಎಲ್ಲಿಂದಲೋ ಕದ್ದು ತಂದಳು ಅಂದುಕೊಂಡಿದ್ದರೋ ಏನೋ.

ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ಕ್ಷಮೆ ಕೇಳಬೇಕು, ಇಲ್ಲವಾದರೆ ಕೃತಿಚೌರ್ಯ ಎಂದು ನಡತೆ ಪ್ರಮಾಣಪತ್ರದಲ್ಲಿ ಬರೆಯಬೇಕಾಗುತ್ತದೆ ಎಂದರು. ನನಗೆ ಬಿ.ಎಡ್. ಮಾಡಿ ಕನ್ನಡ ಟೀಚರ್ ಆಗಬೇಕಿತ್ತು. ಕನ್ನಡ ಕದ್ದವಳು ಎಂಬ ಚೀಟಿ ಹಿಡಿದುಕೊಂಡು ಯಾವ ಸ್ಕೂಲಿನ ಬಾಗಿಲಿಗೆ ಹೋಗಲಿ? ಕಣ್ಣಲ್ಲಿ ನೀರು ಬಂತು. ಅದು ಅಳು ಅಲ್ಲ, ಸಿಟ್ಟು. ಕಾರಿಡಾರಿನ ಬೆಂಚಿನ ಮೇಲೆ ಕೂತು ಆ ಪೇಜು ತೆಗೆದು, ನನ್ನದೇ ಬರಹವನ್ನು ಮೊದಲ ಬಾರಿಗೆ ಓದುವವಳಂತೆ ಓದಿದೆ.

ಮಹಾನುಭಾವರು ಸುಮ್ಮನೆ ಕದ್ದಿರಲಿಲ್ಲ, ತೊಳೆದು ಮಡಿ ಮಾಡಿದ್ದರು. ಪವರ್ ಲೂಮಿನ ಸದ್ದು ಅವರ ಕೈಯಲ್ಲಿ ಹಕ್ಕಿಗಳ ಕಲರವ ಆಗಿತ್ತು. ಹಾಗಾಗಿ ಇಬ್ಬರು ಹೆಂಗಸರು ಗುಬ್ಬಚ್ಚಿಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಗಂಟಲು ಹರಿದುಕೊಳ್ಳುತ್ತಿದ್ದರು. ಖೀಮಾ ಇದ್ದ ಕಡೆಯೆಲ್ಲ ಸಾರು ಬಂದಿತ್ತು. ‘ಸಾರು ಹುರಿಯುವ ವಾಸನೆ ಬೀದಿಗೆಲ್ಲ ಹಬ್ಬುತ್ತಿತ್ತು’ ಎಂದಿತ್ತು. ಲೋಕದಲ್ಲಿ ಇನ್ಯಾರೂ ಸಾರನ್ನು ಹುರಿದಿರಲಾರರು. ಇನ್ನು ಅಮ್ಮಿ. ಕಂಪ್ಯೂಟರಿಗೆ ಒಂದೇ ಅಪ್ಪಣೆ ಕೊಟ್ಟು, ‘ಅಮ್ಮಿ’ ಇದ್ದ ಕಡೆಯೆಲ್ಲ ‘ಅಮ್ಮ’ ಮಾಡಿಸಿದ್ದರು. ಅಂಟಿಕೊಂಡಿದ್ದ ಪ್ರತ್ಯಯವನ್ನು ಮುಟ್ಟಿರಲಿಲ್ಲ.

ನಾನು ಧಡಧಡ ವಿಭಾಗಕ್ಕೆ ಹೋದೆ.

“ಸರ್, ಅಮ್ಮ ಅನ್ನೋದಕ್ಕೆ ಷಷ್ಠಿ ವಿಭಕ್ತಿ ಏನು?”

“ಅಮ್ಮನ. ಯಾಕಮ್ಮ?”

“ಇದನ್ನ ಓದಿ ಸರ್.”

ಮೇಷ್ಟ್ರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಅಮ್ಮಯ ಕೈರುಚಿ. ಅಮ್ಮಯ ಸೊಂಟನೋವು. ಅಮ್ಮಯನ್ನು ಕರೆದರೆ...” ಓದುತ್ತ ಓದುತ್ತ ದನಿ ಇಳಿಯಿತು. “ಟೈಪಿಂಗ್ ಮಿಸ್ಟೇಕ್ ಇರ್ಬೌದು.”

“ಎಲ್ಲಾ ಕಡೆನೂ ಒಂದೇ ಮಿಸ್ಟೇಕಾ ಸರ್? ಅಮ್ಮಯ ಅಂತ ಬರಿಯೋ ಕನ್ನಡದವ್ರು ಯಾರ್ ಸರ್? ಅದು ಅಮ್ಮಿಯ ಅಂತಿತ್ತು. ನಮ್ಮನೇಲಿ ಹಾಗಂತೀವಿ.”

ಮೇಷ್ಟ್ರು ವ್ಯಾಕರಣದ ಎದುರು ಸೋಲುವ ಮನುಷ್ಯ, ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು. ಕನ್ನಡಕ ತೆಗೆದಿಟ್ಟು, “ನಿಂದೇ ಕಣಮ್ಮ, ಒಪ್ಕೊಂಡೆ” ಎಂದರು. ಕ್ಷಮೆ ಕೇಳುವುದೂ ಬೇಡ, ನಡತೆಯ ಸುದ್ದಿಯೂ ಬೇಡ ಎಂದರು. ಅಲ್ಲಿಗೆ ಸುಮ್ಮನಾಗಿದ್ದರೆ ನಾನು ಕಾಲಿಗೆ ಬಿದ್ದು ಬರುತ್ತಿದ್ದೆನೇನೋ.

“ಆದ್ರೂ ನೋಡು, ಅವ್ರು ಅಮ್ಮ ಅಂತ ಮಾಡಿದ್ದಕ್ಕೇ ಅಷ್ಟು ಜನಕ್ಕೆ ಹಿಡಿಸ್ತು. ನಾವೂ ಹಾಗೇ ಮಾಡಿ, ವಿಭಕ್ತಿ ಸರಿ ಮಾಡಿ ಹಾಕ್ಬಿಡೋಣ. ಎಲ್ರಿಗೂ ಹತ್ರ ಆಗತ್ತೆ.”

“ಬೇಡ ಸರ್. ಬರ್ದೋರ್ನ ಕೇಳ್ದೆ ತಿದ್ದಂಗಿಲ್ಲ. ನೀವು ಕೇಳಿದ್ದೀರ, ನಾನು ಒಪ್ಪಲ್ಲ” ಎಂದು ಹೇಳಿ ಬಂದೆ. ಬರಹ ನನ್ನ ಹೆಸರಿನಲ್ಲಿ, ಖೀಮಾ ಸಮೇತ ಉಳಿಯಿತು. ಆ ಪೇಜಿನವರಿಗೆ ತೆಗೆಯಿರಿ ಎಂದು ಬರೆದೆ, ಅವರು ನನ್ನನ್ನು ಬ್ಲಾಕ್ ಮಾಡಿದರು. ಜಾಲತಾಣಕ್ಕೇ ದೂರು ಕೊಟ್ಟು, ಎರಡೂ ಬರಹ ಲಗತ್ತಿಸಿ, ಅಂತೂ ತೆಗೆಸಿದೆ. ಗೆದ್ದೆ ಎಂದುಕೊಂಡೆ.

ತೆಗೆಸಿದ ದಿನವೇ ಮಧ್ಯಾಹ್ನ ಮನೆಗೆ ಬಂದರೆ ಕರೆಂಟ್ ಹೋಗಿ ಲೂಮ್ ನಿಂತಿತ್ತು. ಆಂಟಿ ಜಗುಲಿಯಲ್ಲಿ ಕೂತು ತಮ್ಮ ಮೊಬೈಲಿಗೆ ಬಂದಿದ್ದ ಫಾರ್ವರ್ಡನ್ನು ಅಮ್ಮಿಗೆ ಓದಿ ಹೇಳುತ್ತಿದ್ದರು. ಹಕ್ಕಿಗಳ ಕಲರವ, ಹುರಿದ ಸಾರು, ಎಲ್ಲವೂ ಇತ್ತು, ‘ಸಂಗ್ರಹ’ ಮಾಡಿದವರ ಹೆಸರು ಮಾತ್ರ ಉದುರಿಹೋಗಿತ್ತು. ಅಮ್ಮಯ ಎಂದಿದ್ದ ಕಡೆ ಆಂಟಿಯ ನಾಲಿಗೆ ತಾನಾಗಿಯೇ ಅಮ್ಮನ ಎಂದು ತಿದ್ದಿಕೊಂಡು ಓದುತ್ತಿತ್ತು.

“ಎಷ್ಟು ಚೆಂದ ಬರ್ದವ್ಳೆ ನೋಡು ಆ ಹುಡ್ಗಿ” ಎಂದಳು ಅಮ್ಮಿ, ಸೆರಗಲ್ಲಿ ಕಣ್ಣೊರೆಸಿಕೊಂಡು. “ನೀನೂ ಕಾಲೇಜಿಗೆ ಹೋಗ್ತೀಯ, ಅದೇನೋ ಬರ್ದೆ ಅಂತಿದ್ದೆ. ನನ್ ಮ್ಯಾಲೆ ಇಂಗೊಂದು ಬರಿಬಾರ್ದಾ?”

ನಾನು ಅಲ್ಲೇ ಪಕ್ಕದಲ್ಲಿ ಕೂತೆ. ಕಾಲೇಜಿನ ವೆಬ್‌ಸೈಟ್ ತೆಗೆದು, ಕೊನೆಯಲ್ಲಿದ್ದ ನನ್ನ ಹೆಸರಿನವರೆಗೂ ನಿಲ್ಲಿಸದೆ ಓದಿದೆ. ಈ ಸಲ ನಲ್ಲಿಯಲ್ಲಿ ನೀರೂ ಬರಲಿಲ್ಲ. ಅಮ್ಮಿ ಪೂರ್ತಿ ಕೇಳಿ, ನನ್ನ ಮುಖ ನೋಡಿ, ಆಮೇಲೆ ಆಂಟಿಯ ಕಡೆ ತಿರುಗಿ ದನಿ ತಗ್ಗಿಸಿದಳು.

“ಅಕ್ಕಾ, ಆ ಹುಡ್ಗಿ ಬರ್ದಿದ್ನೇ ತಗೊಂಡು, ಅಮ್ಮ ಇದ್ದ ಕಡೆ ಅಮ್ಮಿ ಅಂತ ಹಾಕ್ಕೊಂಡವ್ಳೆ. ಪಾಪ, ಅವ್ರಮ್ಮಂಗೆ ಗೊತ್ತಾದ್ರೆ ಎಷ್ಟು ನೊಂದ್ಕೊಳ್ತಾಳೋ.”